ನೆರವು ಕೇಳಿ ಬಂದ ಮೆಸೇಜಿಗೆ ಉತ್ತರಿಸುವವರು ಯಾರು?

ಸೇವಾ ಸಂಸ್ಥೆಗಳು ಸಾಮಾಜಿಕ ಜಾಲತಾಣವನ್ನು ಬಳಸುವ ಬಗೆ

ಹುಬ್ಬಳ್ಳಿಯ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ನಾನು ಕೆಲವು ವರ್ಷ ಬಿಡುವಿನ ವೇಳೆಯ ಕಾರ್ಯಕರ್ತನಾಗಿದ್ದೆ. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಆಸ್ಪತ್ರೆಯ ಮಂಚ, ಗಾಲಿಕುರ್ಚಿ, ವಾಕರ್‌ಗಳನ್ನು ಬಾಡಿಗೆಯಿಲ್ಲದೆ ಕೊಟ್ಟು, ಕೆಲಸ ಮುಗಿದ ಮೇಲೆ ಮರಳಿ ತರುವುದು ಆ ಸಂಸ್ಥೆಯ ಕೆಲಸ. ಅದಕ್ಕೊಂದು ಫೇಸ್‌ಬುಕ್ ಪುಟವೂ ಇತ್ತು. ದಿನಾ ಬೆಳಿಗ್ಗೆ ಒಂದು ಸುಭಾಷಿತ, ಹಬ್ಬ ಬಂದರೆ ಶುಭಾಶಯ, ಯಾರಿಗಾದರೂ ಶಾಲು ಹೊದಿಸಿದರೆ ಅದರ ಹತ್ತು ಹನ್ನೆರಡು ಫೋಟೋಗಳು ಅಲ್ಲಿ ತಪ್ಪದೆ ಬರುತ್ತಿದ್ದವು. ಒಂದು ದಿನ ಹಳೆಯ ಫೋಟೋ ಹುಡುಕಲೆಂದು ಆ ಪುಟದ ಇನ್‌ಬಾಕ್ಸ್ ತೆರೆದಾಗ, ಶಿಗ್ಗಾಂವಿ ಕಡೆಯವರೊಬ್ಬರು ರಾತ್ರಿ ಹತ್ತೂ ನಲವತ್ತಕ್ಕೆ ಕಳಿಸಿದ್ದ ಸಂದೇಶ ಕಣ್ಣಿಗೆ ಬಿತ್ತು: "ನಮ್ಮವ್ವಗ ಲಕ್ವಾ ಹೊಡದೈತ್ರಿ. ಮಂಚ ಸಿಗತೈತೇನ್ರಿ?" ಅದು ಬಂದು ಹನ್ನೊಂದು ದಿನವಾಗಿತ್ತು. ಫೋನ್ ಮಾಡಿ ವಿಚಾರಿಸಿದರೆ, ಅವರು ಅಷ್ಟರಲ್ಲಿ ಕೈಸಾಲ ಮಾಡಿ ಹೊಸ ಮಂಚ ಖರೀದಿಸಿದ್ದರು. ಅಂಥವೇ ಮೂರು ಮಂಚಗಳು ನಮ್ಮ ಗೋದಾಮಿನಲ್ಲಿ ಧೂಳು ತಿನ್ನುತ್ತ ನಿಂತಿದ್ದವು. ಪುಟ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಸಿಕ್ಕು ಬೆಂಗಳೂರಿಗೆ ಹೋಗಿದ್ದ. ಹೋಗುವ ಮುನ್ನ ತಿಂಗಳಿಗಾಗುವಷ್ಟು ಸುಭಾಷಿತಗಳನ್ನು ಮಾತ್ರ ಶೆಡ್ಯೂಲ್ ಮಾಡಿಟ್ಟಿದ್ದ.

ಸೇವಾ ಸಂಸ್ಥೆಗಳ ಜಾಲತಾಣ ಎಂದಾಗ ಹೆಚ್ಚಿನವರು ಪ್ರಚಾರದ ಮಾತನ್ನೇ ಆಡುತ್ತಾರೆ. ಆದರೆ ಕಷ್ಟದಲ್ಲಿರುವವರ ಪಾಲಿಗೆ ಆ ಪುಟ ಕಚೇರಿಯ ಬಾಗಿಲು. ಬಾಗಿಲಿಗೆ ತೋರಣ ಕಟ್ಟುವುದು ಆಮೇಲಿನ ಕೆಲಸ. ಬಡಿದಾಗ ತೆರೆಯುವವರು ಇದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು. ಮುಂದೆ ಹೇಳಿರುವ ಹೆಜ್ಜೆಗಳನ್ನು ಈ ಕ್ರಮದಲ್ಲಿ ಇಟ್ಟಿರುವುದಕ್ಕೆ ಅದೇ ಕಾರಣ.

ಹೆಜ್ಜೆ 1: ಠರಾವು ಮಾಡಿ, ಕೀಲಿಕೈ ಇಬ್ಬರಿಗೆ ಕೊಡಿ

ಸಂಸ್ಥೆಯ ಬ್ಯಾಂಕ್ ಖಾತೆಗೆ ಯಾರು ಸಹಿ ಮಾಡಬೇಕೆಂದು ಸಭೆಯಲ್ಲಿ ಠರಾವು ಮಾಡುವ ನಾವು, ಸಂಸ್ಥೆಯ ಹೆಸರಿನಲ್ಲಿ ಲೋಕಕ್ಕೆಲ್ಲ ಮಾತನಾಡುವ ಖಾತೆಯನ್ನು ಮೊಬೈಲ್ ಚೆನ್ನಾಗಿ ಬಲ್ಲ ಯಾರೋ ಒಬ್ಬ ಹುಡುಗನ ಕೈಗೆ ಕೊಟ್ಟು ಮರೆತುಬಿಡುತ್ತೇವೆ. ಪುಟವನ್ನು ನಡೆಸುವವರು ಯಾರು, ಬಂದ ಸಂದೇಶಗಳನ್ನು ದಿನಕ್ಕೆ ಎಷ್ಟು ಸಲ ನೋಡಬೇಕು, ಅವರು ಊರಲ್ಲಿಲ್ಲದಾಗ ಬದಲಿಗೆ ಯಾರು ಎಂಬ ಮೂರು ಸಂಗತಿಗಳು ಸಭೆಯ ನಡಾವಳಿಯಲ್ಲಿ ಬರವಣಿಗೆಯಾಗಿ ಇರಲಿ. ಕನಿಷ್ಠ ಇಬ್ಬರು ಪದಾಧಿಕಾರಿಗಳು ಪುಟದ ಅಡ್ಮಿನ್ ಆಗಿರಬೇಕು. ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಮತ್ತು ಇಮೇಲ್ ಸಂಸ್ಥೆಯವೇ ಆಗಿರಬೇಕು, ಕಾರ್ಯಕರ್ತರ ಸ್ವಂತದ್ದಲ್ಲ. ಎರಡು ಹಂತದ ಪರಿಶೀಲನೆಯನ್ನು ಎಲ್ಲ ಖಾತೆಗಳಲ್ಲೂ ಚಾಲೂ ಮಾಡಿ, ಒಟಿಪಿಯನ್ನು ಯಾರು ಕೇಳಿದರೂ ಹೇಳಬಾರದೆಂದು ಎಲ್ಲರಿಗೂ ತಿಳಿಸಿ. ಫೇಸ್‌ಬುಕ್‌ನಲ್ಲಿ ಸಂಸ್ಥೆಯ ಹೆಸರಿನ ವೈಯಕ್ತಿಕ ಪ್ರೊಫೈಲ್ ತೆರೆಯುವುದು ಹಲವರ ರೂಢಿ. ಅದಕ್ಕೆ 5,000 ಸ್ನೇಹಿತರ ಮಿತಿಯಿದೆ, ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಳ್ಳಬೇಕಾಗುತ್ತದೆ, ಮೇಲಾಗಿ ಅದು ಕಂಪನಿಯ ನಿಯಮಕ್ಕೆ ವಿರುದ್ಧವಾದದ್ದರಿಂದ ಯಾವಾಗ ಬೇಕಾದರೂ ಮುಚ್ಚಿಹೋಗಬಹುದು. 'ಪೇಜ್' ಎಂಬುದನ್ನೇ ತೆರೆಯಿರಿ.

ಹಗಲೂ ರಾತ್ರಿ ಉತ್ತರಿಸುವ ಶಕ್ತಿ ಸಣ್ಣ ಸಂಸ್ಥೆಗಳಿಗೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಯಾವಾಗ ಉತ್ತರ ಸಿಗುತ್ತದೆ ಎಂಬುದನ್ನು ಹೇಳಿದರೆ ಸಾಕು. ವಾಟ್ಸ್ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪ್‌ನಲ್ಲಿ ಕಚೇರಿಯ ವೇಳೆಯ ಹೊರಗೆ ತಾನೇ ಹೋಗುವ ಉತ್ತರವನ್ನು ಬರೆದಿಡುವ ಸೌಲಭ್ಯವಿದೆ. ನಾವು ಕೊನೆಗೆ ಬರೆದಿಟ್ಟದ್ದು ಹೀಗಿತ್ತು: "ನಮಸ್ಕಾರ. ನಿಮ್ಮ ಸಂದೇಶ ತಲುಪಿದೆ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರೊಳಗೆ ನಾವೇ ಫೋನ್ ಮಾಡುತ್ತೇವೆ. ನಿಮ್ಮ ಊರು, ಬೇಕಾದ ಸಾಮಾನು, ಫೋನ್ ಮಾಡಲು ಅನುಕೂಲವಾದ ಸಮಯ ಬರೆದಿಡಿ. ಜೀವಕ್ಕೆ ಅಪಾಯವಿದ್ದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ." ಇದರ ಕೆಳಗೆ ನಿಮ್ಮ ಕೆಲಸಕ್ಕೆ ಹೊಂದುವ ಸಹಾಯವಾಣಿಯೂ ಇರಲಿ: ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯ ನಾಗರಿಕರಿಗೆ 14567, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್‌ನ 14416.

ಹೆಜ್ಜೆ 2: ನಿಮ್ಮ ಜನ ಇರುವ ಕಡೆ ಹೋಗಿ

ಎಲ್ಲ ಜಾಲತಾಣಗಳಲ್ಲೂ ಖಾತೆ ತೆರೆದು ಯಾವುದನ್ನೂ ನೋಡದಿರುವುದಕ್ಕಿಂತ ಒಂದೆರಡನ್ನು ನೆಟ್ಟಗೆ ನಡೆಸುವುದು ಲೇಸು. ಕಾಲೇಜು ಹುಡುಗ ಹುಡುಗಿಯರನ್ನು ಕಾರ್ಯಕರ್ತರಾಗಿ ಸೇರಿಸಬೇಕಿದ್ದರೆ ಇನ್‌ಸ್ಟಾಗ್ರಾಂ, ಊರು ಬಿಟ್ಟು ಪುಣೆ, ಬೆಂಗಳೂರು ಸೇರಿದ ದಾನಿಗಳನ್ನು ಮುಟ್ಟಬೇಕಿದ್ದರೆ ಫೇಸ್‌ಬುಕ್, ಅರ್ಜಿ ತುಂಬುವ ಕ್ರಮವನ್ನೋ ರೋಗಿಯನ್ನು ಮಗ್ಗಲು ಬದಲಿಸುವ ರೀತಿಯನ್ನೋ ತೋರಿಸಬೇಕಿದ್ದರೆ ಯೂಟ್ಯೂಬ್. ಆದರೆ ಸವಣೂರು, ಹಾನಗಲ್, ಮುಂಡರಗಿ ಕಡೆಯ ಹಳ್ಳಿಗಳ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಮುಟ್ಟಬೇಕಿದ್ದರೆ ವಾಟ್ಸ್ಆ್ಯಪ್ ಬಿಟ್ಟು ಬೇರೆ ದಾರಿ ಹುಡುಕಬೇಕಾಗಿಲ್ಲ. ಅಲ್ಲಿಯೂ ಬರಹಕ್ಕಿಂತ ದನಿ ಹೆಚ್ಚು ಕೆಲಸ ಮಾಡುತ್ತದೆ. ಅವರಿಗೆ ಗೊತ್ತಿರುವ ಅಂಗನವಾಡಿ ಅಕ್ಕನೋ ಆಶಾ ಕಾರ್ಯಕರ್ತೆಯೋ ಅವರದೇ ಮಾತಿನಲ್ಲಿ ಒಂದು ನಿಮಿಷ ಮಾತನಾಡಿ ಕಳಿಸಿದ ವಾಯ್ಸ್ ಮೆಸೇಜನ್ನು ರೊಟ್ಟಿ ಬಡಿಯುತ್ತಲೂ ಕೇಳಿಸಿಕೊಳ್ಳಬಹುದು.

ವಾಟ್ಸ್ಆ್ಯಪ್‌ನಲ್ಲಿ ಗ್ರೂಪ್, ಬ್ರಾಡ್‌ಕಾಸ್ಟ್, ಚಾನೆಲ್ ಎಂಬ ಮೂರು ಬಗೆಗಳಿದ್ದು, ಅವುಗಳ ವ್ಯತ್ಯಾಸ ತಿಳಿಯದೆ ಆಗುವ ಅನಾಹುತಗಳು ಸಣ್ಣವಲ್ಲ. ಗ್ರೂಪಿನಲ್ಲಿ 1,024 ಜನರ ತನಕ ಸೇರಬಹುದು, ಆದರೆ ಸೇರಿದ ಪ್ರತಿಯೊಬ್ಬರ ನಂಬರೂ ಉಳಿದವರಿಗೆಲ್ಲ ಕಾಣುತ್ತದೆ. ಕುಡಿತ ಬಿಡಿಸುವ ಶಿಬಿರಕ್ಕೆ ಬಂದವರ ಮನೆಯವರನ್ನೋ ಗಂಡನ ಹೊಡೆತ ತಾಳದೆ ಸಲಹೆ ಕೇಳಿದ ಹೆಣ್ಣುಮಕ್ಕಳನ್ನೋ ಹೀಗೆ ಒಂದು ಗ್ರೂಪಿಗೆ ಸೇರಿಸಿದರೆ, ಅವರ ಗುಟ್ಟನ್ನು ಊರ ಕಟ್ಟೆಯ ಮೇಲೆ ಓದಿದಂತಾಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಒಬ್ಬೊಬ್ಬರಿಗೇ ಬಂದಂತೆ ಸಂದೇಶ ಹೋಗುತ್ತದೆ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ ಎಂಬುದನ್ನು ಮರೆಯಬಾರದು. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶಕ್ಕೆ ಬಂದ ಚಾನೆಲ್‌ನಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದು, ಯಾರಿಗೆ ಯಾರ ನಂಬರೂ ಕಾಣುವುದಿಲ್ಲ, ಆದರೆ ಓದುವವರು ಅಲ್ಲಿ ಬರೆದು ಕೇಳುವಂತಿಲ್ಲ. ಸಾಮಾನ್ಯ ಮಾಹಿತಿಗೆ ಚಾನೆಲ್, ಗುರುತಿನ ಜನರಿಗೆ ಬ್ರಾಡ್‌ಕಾಸ್ಟ್, ಕಾರ್ಯಕರ್ತರ ನಡುವಿನ ಮಾತಿಗೆ ಗ್ರೂಪ್ ಎಂದು ಹಂಚಿಕೊಂಡರೆ ಗೊಂದಲವಿಲ್ಲ.

ಮನೆಯೊಳಗಿನ ದೌರ್ಜನ್ಯದ ವಿಷಯದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದು ಮಾತು. ನಮ್ಮ ಕಡೆ ಒಂದು ಫೋನನ್ನು ಮನೆಮಂದಿಯೆಲ್ಲ ಬಳಸುವುದು ಸಾಮಾನ್ಯ. ಆಕೆ ಕಳಿಸಿದ ಸಂದೇಶಕ್ಕೆ ನೀವು ಕೊಟ್ಟ ಉತ್ತರವನ್ನು ಮೊದಲು ಓದುವವನು ಗಂಡನೇ ಆಗಿರಬಹುದು. ಆದಕಾರಣ ಮೊದಲ ಉತ್ತರದಲ್ಲಿ ಏನನ್ನೂ ಬಿಡಿಸಿ ಬರೆಯದೆ, "ಈಗ ಮಾತನಾಡಲು ಅನುಕೂಲವೇ?" ಎಂದಷ್ಟೇ ಕೇಳಿ. ಆ ನಂಬರಿನ ಪ್ರೊಫೈಲ್ ಚಿತ್ರದಲ್ಲೂ ಹೆಸರಿನಲ್ಲೂ ನಿಮ್ಮ ಕೆಲಸದ ಸುಳಿವು ಇಲ್ಲದಂತೆ ನೋಡಿಕೊಳ್ಳಿ.

ಹೆಜ್ಜೆ 3: ಕೊಡುವ ಕೈಯಲ್ಲಿ ಕ್ಯಾಮೆರಾ ಬೇಡ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದ ವಿಧವೆಯೊಬ್ಬರಿಗೆ ಒಂದು ತಂಡ ರೇಷನ್ ಕಿಟ್ ಕೊಟ್ಟಿತ್ತು. ಕಿಟ್‌ನ ಒಂದು ತುದಿಯನ್ನು ಐದು ಜನ ದಾನಿಗಳು, ಇನ್ನೊಂದು ತುದಿಯನ್ನು ಆಕೆ ಹಿಡಿದ ಫೋಟೋ ಅವತ್ತೇ ಊರೆಲ್ಲ ಸುತ್ತಿತು. ತಿಂಗಳ ಮೇಲೆ ಆಕೆ ಕಚೇರಿಗೆ ಬಂದು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ನೀವ್ ಕೊಟ್ಟ ಅಕ್ಕಿ ತಿಂದು ಮುಗದೈತ್ರಿ ಸರ್, ಫೋಟೋ ಇನ್ನೂ ತಿರಗಾಕತ್ತೈತಿ. ಮಗಳನ್ನ ನೋಡಾಕ ಬಂದವರ ಮೊಬೈಲ್‌ನ್ಯಾಗೂ ಐತ್ರಿ." ಪೋಸ್ಟ್ ಅಳಿಸಿದೆವು. ಫಾರ್ವರ್ಡ್ ಆದದ್ದನ್ನು ಅಳಿಸುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಒಪ್ಪಿಗೆ ಪಡೆದಿದ್ದೆವು ಎಂದು ಆ ತಂಡದವರು ಹೇಳಿದ್ದು ಸುಳ್ಳಲ್ಲ. ಆದರೆ ಕೊಡುವವನು ಕಿಟ್ ಹಿಡಿದು ಎದುರಿಗೆ ನಿಂತು "ಒಂದು ಫೋಟೋ ತೆಗೀಲ್ಯಾ?" ಎಂದು ಕೇಳಿದಾಗ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ನೆರವು ಕೊಟ್ಟು ಕೆಲವು ದಿನ ಕಳೆದ ಮೇಲೆ, ಬೇರೆ ಕಾರ್ಯಕರ್ತರ ಮೂಲಕ, ಫೋಟೋವನ್ನು ತೋರಿಸಿ, ಅದು ಎಲ್ಲೆಲ್ಲಿ ಬರುತ್ತದೆ, ಯಾರು ಯಾರು ನೋಡಬಹುದು, ಬೇಡವೆಂದರೆ ಮುಂದಿನ ನೆರವಿಗೆ ಏನೂ ತೊಂದರೆಯಿಲ್ಲ ಎಂಬುದನ್ನೆಲ್ಲ ಹೇಳಿದ ಮೇಲೆ ಸಿಗುವ ಒಪ್ಪಿಗೆಯೇ ಒಪ್ಪಿಗೆ.

ಕೆಲವು ಕಡೆ ಒಪ್ಪಿಗೆಯ ಪ್ರಶ್ನೆಗಿಂತ ಮೊದಲೇ ಕಾನೂನು ಅಡ್ಡ ನಿಲ್ಲುತ್ತದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ, ಕಾನೂನಿನ ಸಂಘರ್ಷಕ್ಕೆ ಒಳಗಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೋ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬಾಲಮಂದಿರದಲ್ಲಿ ಹುಟ್ಟುಹಬ್ಬ ಆಚರಿಸಿ ಮಕ್ಕಳ ಜೊತೆ ಸೆಲ್ಫಿ ಹಾಕುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಬಿಟ್ಟುಕೊಡುವುದು 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಅಪರಾಧ. ಎಚ್‌ಐವಿ ಸೋಂಕಿತರ ಗುಟ್ಟನ್ನು ಕಾಯುವ ಹೊಣೆಯನ್ನು 2017ರ ಕಾಯ್ದೆ ಹೇಳಿದೆ. ಮುಖ ಮಸುಕು ಮಾಡಿದ್ದೇವೆ ಎಂದರೆ ಸಾಲದು, ಏಕೆಂದರೆ ಸಮವಸ್ತ್ರದ ಬಣ್ಣ, ಹಿಂದಿನ ಗುಡಿಯ ಶಿಖರ, ತಾಯಿಯ ದನಿ, ಫೋಟೋದ ಕೆಳಗೆ ಬರೆದ ಊರಿನ ಹೆಸರು ಇವುಗಳಲ್ಲಿ ಒಂದಿದ್ದರೂ ಹಳ್ಳಿಯವರು ಹುಡುಗಿ ಯಾರೆಂದು ಹೇಳಿಬಿಡುತ್ತಾರೆ.

ಹಾಗಾದರೆ ಏನನ್ನು ತೋರಿಸಬೇಕು? ಮಾಡಿದ ಕೆಲಸವನ್ನು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳಿದೊಡನೆ ನಮ್ಮ ಭಾಗದವರ ಕಿವಿಗೆ ಬರುವುದು ಹಾರ್ಮೋನಿಯಂ ಮತ್ತು ತಬಲಾದ ದನಿ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳನ್ನು ಕನಿಕರಕ್ಕಾಗಿ ಜನರ ಮುಂದೆ ನಿಲ್ಲಿಸಲಿಲ್ಲ, ಗಾಯಕರನ್ನಾಗಿ, ವಾದಕರನ್ನಾಗಿ ನಿಲ್ಲಿಸಿದರು. ಆಶ್ರಮ ನಡೆಸಲು ನಾಟಕ ಸಂಘ ಕಟ್ಟಿ ಊರೂರು ತಿರುಗಿದರು. ಜಾಲತಾಣ ಹುಟ್ಟುವ ಎಷ್ಟೋ ದಶಕಗಳ ಮೊದಲಿನ ಈ ಬುದ್ಧಿ ಇವತ್ತಿನ ರೀಲ್ಸ್‌ಗೂ ಸಾಕು. ಹೊಲಿಗೆ ಕಲಿತವಳ ಮುಖದ ಬದಲು ಆಕೆ ಹೊಲಿದ ಕುಪ್ಪಸವನ್ನು, ಮಂಚ ಪಡೆದ ರೋಗಿಯ ಬದಲು ಆ ಮಂಚವನ್ನು ಮೂರನೇ ಮಹಡಿಗೆ ಹೊತ್ತ ಹುಡುಗರನ್ನು, ಅನ್ನ ಉಣ್ಣುವವರ ಬದಲು ಮುಂಜಾನೆ ನಾಲ್ಕಕ್ಕೆ ಒಲೆ ಹಚ್ಚಿದವರನ್ನು ತೋರಿಸಬಹುದು.

ಹೆಜ್ಜೆ 4: ತಾರೀಖು ಹಾಕಿ, ಮುಗಿದದ್ದನ್ನೂ ಹೇಳಿ

"ತುರ್ತಾಗಿ ಓ ನೆಗೆಟಿವ್ ರಕ್ತ ಬೇಕಾಗಿದೆ, ದಯವಿಟ್ಟು ಎಲ್ಲ ಗ್ರೂಪಿಗೂ ಕಳಿಸಿ" ಎಂಬ ಸಂದೇಶ ವಾಟ್ಸ್ಆ್ಯಪ್ ಬಳಸುವ ಎಲ್ಲರಿಗೂ ಬಂದಿರುತ್ತದೆ. ಯಾವ ಊರು, ಯಾವ ಆಸ್ಪತ್ರೆ, ಯಾವ ದಿನ ಎಂಬುದು ಅದರಲ್ಲಿ ಇರುವುದಿಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿ ವರ್ಷವಾದರೂ ಆ ನಂಬರಿಗೆ ಕರೆಗಳು ನಿಲ್ಲುವುದಿಲ್ಲ, ಓಡೋಡಿ ಹೋದ ರಕ್ತದಾನಿ ಮುಂದಿನ ಸಲ ನಿಜವಾದ ಕರೆಯನ್ನೂ ನಂಬುವುದಿಲ್ಲ. ಅದರ ಬದಲು ಇಷ್ಟು ಬರೆದರೆ ಸಾಕು: ಇಂದಿನ ತಾರೀಖು ಮತ್ತು ವೇಳೆ, ಆಸ್ಪತ್ರೆಯ ಮತ್ತು ಊರಿನ ಹೆಸರು, ರಕ್ತದ ಗುಂಪು, ಎಷ್ಟು ಯುನಿಟ್, ಎಷ್ಟು ಗಂಟೆಯೊಳಗೆ, ಸಂಸ್ಥೆಯ ನಂಬರು. ರೋಗಿಯ ಕಾಯಿಲೆ, ಫೋಟೋ ಯಾವುದೂ ಬೇಕಿಲ್ಲ. ಕೊಡುವವರು 18ರಿಂದ 65 ವರ್ಷದೊಳಗಿನವರು, 45 ಕಿಲೋಗೆ ಕಡಿಮೆಯಿಲ್ಲದ ತೂಕದವರು, ಹಿಂದೆ ರಕ್ತ ಕೊಟ್ಟು ಗಂಡಸರಾದರೆ 90, ಹೆಂಗಸರಾದರೆ 120 ದಿನ ಕಳೆದವರು ಆಗಿರಬೇಕೆಂದು ಸೇರಿಸಿದರೆ ಅರ್ಧ ಫೋನ್ ಕರೆಗಳು ಉಳಿಯುತ್ತವೆ. ರಕ್ತ ಸಿಕ್ಕ ಕೂಡಲೇ ಅದೇ ಸಂದೇಶದ ಕೆಳಗೆ "ಸಿಕ್ಕಿದೆ, ಇನ್ನು ಕಳಿಸಬೇಡಿ" ಎಂದು ಬರೆಯುವುದೂ ಅಷ್ಟೇ ಅಗತ್ಯ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಇದೇ ಪಾಠವನ್ನು ಇನ್ನೊಂದು ಬಗೆಯಲ್ಲಿ ಕಲಿತೆವು. "ಬಟ್ಟೆ ಬೇಕಾಗಿವೆ" ಎಂದು ಒಮ್ಮೆ ಹಾಕಿದ ಸಂದೇಶ ತಾನೇ ತಾನಾಗಿ ಓಡಾಡಿ, ಟೆಂಪೋಗಟ್ಟಲೆ ಹಳೆಯ ಬಟ್ಟೆ ಬಂದು ಬಿದ್ದವು. ಆ ಹೊತ್ತಿಗೆ ಹೆಣ್ಣುಮಕ್ಕಳಿಗೆ ಬೇಕಾಗಿದ್ದದ್ದು ಸ್ಯಾನಿಟರಿ ಪ್ಯಾಡ್ ಮತ್ತು ಹೊಸ ಒಳ ಉಡುಪು, ಶಾಲೆಯ ಕೋಣೆಯಲ್ಲಿ ಮಲಗಿದ್ದವರಿಗೆ ಬೇಕಾಗಿದ್ದದ್ದು ಸೊಳ್ಳೆಪರದೆ. ಪ್ರತಿದಿನ ಸಂಜೆ ಪಟ್ಟಿಯನ್ನು ತಿದ್ದಿ, 'ಇವು ಬೇಕು, ಇವು ಸಾಕು' ಎಂದು ಎರಡು ಸಾಲಿನಲ್ಲಿ ತಾರೀಖಿನ ಸಮೇತ ಹಾಕಲು ಆರಂಭಿಸಿದ ಮೇಲೆಯೇ ಬರುವ ಸಾಮಾನು ಹದಕ್ಕೆ ಬಂದದ್ದು.

ಬರೆಯುವ ರೀತಿಯ ಬಗ್ಗೆ ಒಂದು ತಾಂತ್ರಿಕ ಮಾತು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಪೋಸ್ಟರ್‌ನ ಚಿತ್ರವನ್ನಷ್ಟೇ ಹಾಕುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಚಿತ್ರದೊಳಗಿನ ಅಕ್ಷರವನ್ನು ಅಂಧರ ಫೋನಿನಲ್ಲಿರುವ ಓದುವ ತಂತ್ರಾಂಶ ಸರಿಯಾಗಿ ಓದಲಾರದು, ಅದರಲ್ಲಿರುವ ನಂಬರನ್ನು ಒತ್ತಿ ಕರೆ ಮಾಡಲೂ ಆಗದು. ಹಾಗಾಗಿ ಪೋಸ್ಟರ್‌ನಲ್ಲಿರುವ ಅಷ್ಟನ್ನೂ ಯುನಿಕೋಡ್ ಕನ್ನಡದಲ್ಲಿ ಕೆಳಗೆ ಟೈಪ್ ಮಾಡಿ. ವಿಡಿಯೋ ಮಾಡಿದರೆ ಮಾತನ್ನು ಅಕ್ಷರದಲ್ಲೂ ಮೂಡಿಸಿ, ಕಿವಿ ಕೇಳದವರಿಗೂ ಬಸ್ಸಿನಲ್ಲಿ ದನಿ ಮುಚ್ಚಿ ನೋಡುವವರಿಗೂ ಅದು ಬೇಕು.

ಹೆಜ್ಜೆ 5: ಹಣ ಕೇಳುವಾಗ

ಇಲ್ಲಿ ತಪ್ಪಿದರೆ ಉಳಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಪದಾಧಿಕಾರಿಯ ಸ್ವಂತ ಯುಪಿಐ ನಂಬರಿಗೆ, ಎಷ್ಟೇ ಅವಸರವಿದ್ದರೂ, ದೇಣಿಗೆ ಕೇಳಬೇಡಿ. ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರೇ ಕಾಣುವ ಕ್ಯೂಆರ್ ಕೋಡ್ ಇರಲಿ, ಆ ಹೆಸರನ್ನು ಪೋಸ್ಟಿನಲ್ಲಿಯೂ ಬರೆಯಿರಿ. ಏಕೆಂದರೆ ನಿಮ್ಮ ಪೋಸ್ಟರ್‌ನಿಂದ ಕೋಡ್ ಕತ್ತರಿಸಿ ತಮ್ಮದನ್ನು ಅಂಟಿಸಿ ಹರಿಬಿಡುವವರು ಇದ್ದಾರೆ. ಅಂಥದ್ದು ಕಂಡರೆ ನಿಮ್ಮ ಪುಟದಲ್ಲಿ ಕೂಡಲೇ ಎಚ್ಚರಿಸಿ, ಆ ನಕಲಿ ಖಾತೆಯ ಬಗ್ಗೆ ಜಾಲತಾಣಕ್ಕೂ ದೂರು ಕೊಡಿ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಒಬ್ಬ ರೋಗಿಯ ಚಿಕಿತ್ಸೆಗೆ ಹಣ ಕೂಡಿಸುವುದಾದರೆ, ಸಾಧ್ಯವಾದಲ್ಲೆಲ್ಲ ಆಸ್ಪತ್ರೆಯ ಖಾತೆಗೇ ನೇರವಾಗಿ ಹೋಗುವಂತೆ ನೋಡಿಕೊಳ್ಳಿ, ಗುರಿ ಮುಟ್ಟಿದ ದಿನ ನಿಲ್ಲಿಸಿ.

ತೆರಿಗೆ ರಿಯಾಯಿತಿ ಇದೆ ಎಂದು ಬರೆಯುವ ಮುನ್ನ, ಎಲ್ಲರ ಬಾಯಲ್ಲೂ 80ಜಿ ಎಂದೇ ಇರುವ ನೋಂದಣಿ ನಿಮಗೆ ನಿಜಕ್ಕೂ ಸಿಕ್ಕಿದೆಯೇ, ಅವಧಿ ಮುಗಿದಿಲ್ಲವೇ ಎಂದು ಲೆಕ್ಕಪರಿಶೋಧಕರನ್ನು ಕೇಳಿ. ನಗದಾಗಿ ಕೊಟ್ಟ ದೇಣಿಗೆ 2,000 ರೂಪಾಯಿ ಮೀರಿದರೆ ಅದಕ್ಕೆ ರಿಯಾಯಿತಿಯಿಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ದಾನಿಗೂ ಇಲ್ಲ. ಇನ್ನು, ಪೋಸ್ಟಿಗೆ ಗಡಿಯಿಲ್ಲ, ಕಾನೂನಿಗೆ ಇದೆ. ವಿದೇಶಿ ಪ್ರಜೆಯೊಬ್ಬರು ನಿಮ್ಮ ವಿಡಿಯೋ ನೋಡಿ ಹಣ ಕಳಿಸಲು ಮುಂದಾದರೆ, 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಭಾರತದ ಪೌರತ್ವವನ್ನೇ ಉಳಿಸಿಕೊಂಡು ದುಬೈನಲ್ಲಿ ದುಡಿಯುವ ನಿಮ್ಮೂರಿನ ಹುಡುಗ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಪ್ರಜೆಯಾದ ಅವನ ಚಿಕ್ಕಪ್ಪ ಕಳಿಸಿದ್ದು ಬರುತ್ತದೆ. ಬಂದ ಹಣ ಎಷ್ಟು, ಖರ್ಚಾದದ್ದು ಯಾವುದಕ್ಕೆ, ಉಳಿದದ್ದು ಎಷ್ಟು ಎಂಬುದನ್ನು ಕೇಳಿದ ಜಾಗದಲ್ಲೇ, ಅಂದರೆ ಅದೇ ಪುಟದಲ್ಲಿ ಹಾಕಿ.

ಹೆಜ್ಜೆ 6: ಕೆಟ್ಟ ಮಾತು, ಕಡುಕಷ್ಟದ ಮಾತು

ಕಮೆಂಟಿನಲ್ಲಿ ಬೈಯುವವರು ಇದ್ದೇ ಇರುತ್ತಾರೆ. ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡಿ, ದೂರು ಹೇಳಿದವರ ನಂಬರು ಪಡೆದು ಮಾತನಾಡಿ, ಜಾತಿ ಧರ್ಮ ಹಿಡಿದು ಬೈದವರನ್ನು ತೆಗೆದುಹಾಕಿ. ವಾದಕ್ಕೆ ಇಳಿಯಬೇಡಿ.

ಅದಕ್ಕಿಂತ ಕಠಿಣವಾದದ್ದು, "ಇನ್ನ ಬದುಕಿ ಏನ್ ಮಾಡೂದೈತ್ರಿ" ಎಂದು ಬರುವ ಸಂದೇಶ. ಮಾನಸಿಕ ಆರೋಗ್ಯಕ್ಕೆ ಸಂಬಂಧವಿಲ್ಲದ ಸಂಸ್ಥೆಗೂ ಅದು ಬರಬಹುದು, ಏಕೆಂದರೆ ಯಾರೋ ಒಬ್ಬರು ಓದುತ್ತಾರೆ ಎಂಬ ನಂಬಿಕೆಯಿಂದ ಬರೆಯುತ್ತಾರೆ. ಉಪದೇಶ ಮಾಡಬೇಡಿ. ಕೂಡಲೇ ಉತ್ತರಿಸಿ, ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ ಎಂದು ಕೇಳಿ, ಸಾಧ್ಯವಾದರೆ ಫೋನಿನಲ್ಲಿ ಮಾತನಾಡಿ. ಟೆಲಿ ಮಾನಸ್ 14416ರಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತನಾಡಬಹುದೆಂದು ತಿಳಿಸಿ, ಅಪಾಯ ಹತ್ತಿರವಿದೆ ಅನ್ನಿಸಿದರೆ 112ಕ್ಕೆ ನೀವೇ ಕರೆ ಮಾಡಿ. ಮುಂದಿನ ಚಿಕಿತ್ಸೆಗೆ ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಇಂಥ ಸಂದೇಶದ ಸ್ಕ್ರೀನ್‌ಶಾಟ್ ಕಾರ್ಯಕರ್ತರ ಗ್ರೂಪಿಗೂ ಹೋಗಕೂಡದು. ಇಂಥವನ್ನು ಓದಿದ ಕಾರ್ಯಕರ್ತರಿಗೂ ರಾತ್ರಿ ನಿದ್ದೆ ಬರುವುದಿಲ್ಲ. ಮರುದಿನ ಅವರ ಬದಲು ಇನ್ನೊಬ್ಬರು ಫೋನ್ ಹಿಡಿಯಲಿ, ಅವರ ಜೊತೆ ಹಿರಿಯರೊಬ್ಬರು ಕೂತು ಮಾತನಾಡಲಿ.

ಹೆಜ್ಜೆ 7: ಲೈಕ್ ಬಿಟ್ಟು ಬೇರೆ ಎಣಿಸಿ

ಶಾಲು ಹೊದಿಸಿದ ಫೋಟೋಗೆ ಇನ್ನೂರು ಲೈಕ್ ಬರುವುದು, ಗಾಲಿಕುರ್ಚಿ ಲಭ್ಯವಿದೆ ಎಂಬ ಬರಹಕ್ಕೆ ಒಂಬತ್ತು ಬರುವುದು ಲೋಕರೂಢಿ. ಆ ಒಂಬತ್ತರಲ್ಲಿ ಇಬ್ಬರು ಫೋನ್ ಮಾಡಿ ಒಬ್ಬರು ಕುರ್ಚಿ ಒಯ್ದರೆ ಆ ಬರಹವೇ ಗೆದ್ದದ್ದು. ಇದನ್ನು ತಿಳಿಯಲು ಯಾವ ಆ್ಯಪ್ ಕೂಡ ಬೇಕಿಲ್ಲ, ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ನಾವು ಐದು ಗೆರೆ ಎಳೆದಿದ್ದೆವು: ಬಂದ ತಾರೀಖು, ಎಲ್ಲಿಂದ ತಿಳಿಯಿತು, ಏನು ಬೇಕು, ಉತ್ತರಿಸಿದ ವೇಳೆ, ಕೊನೆಗೆ ಏನಾಯಿತು. ಎರಡನೇ ಗೆರೆಯನ್ನು ಮೂರು ತಿಂಗಳು ತುಂಬಿದ ಮೇಲೆ ಗೊತ್ತಾದದ್ದೇನೆಂದರೆ, ಮಂಚ ಕೇಳಿದವರಲ್ಲಿ ಹೆಚ್ಚಿನವರಿಗೆ ನಮ್ಮ ಸುದ್ದಿ ಮುಟ್ಟಿಸಿದ್ದು ನಮ್ಮ ಪುಟವಲ್ಲ, ಔಷಧ ಅಂಗಡಿಯವರ ಮತ್ತು ಆಂಬುಲೆನ್ಸ್ ಚಾಲಕರ ವಾಟ್ಸ್ಆ್ಯಪ್ ಸ್ಟೇಟಸ್. ಅಂದಿನಿಂದ ಪ್ರತಿ ಸೋಮವಾರ ಅವರಿಗೆ ಒಂದು ಚಿತ್ರ, ಎರಡು ಸಾಲು ಕಳಿಸಲು ಆರಂಭಿಸಿದೆವು. ಸುಭಾಷಿತ ನಿಲ್ಲಿಸಿದೆವು, ಅದು ಎಲ್ಲಿ ಹೋಯಿತೆಂದು ಒಬ್ಬರೂ ಕೇಳಲಿಲ್ಲ.

ಎಲ್ಲವನ್ನೂ ಸರಿಪಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಸಂಸ್ಥೆಯ ಯಾರಿಗೂ ಪರಿಚಯವಿಲ್ಲದ ಒಬ್ಬರಿಂದ ಭಾನುವಾರ ರಾತ್ರಿ ನಿಮ್ಮ ಪುಟಕ್ಕೆ ನೆರವು ಕೇಳುವ ಸಂದೇಶ ಕಳಿಸಿಸಿ, ಉತ್ತರ ಯಾವಾಗ ಬರುತ್ತದೆ, ಯಾವ ಮಾತಿನಲ್ಲಿ ಬರುತ್ತದೆ ಎಂದು ನೋಡಿ. ಠರಾವು, ಬದಲಿ ವ್ಯವಸ್ಥೆ, ನೋಟ್‌ಬುಕ್ ಎಲ್ಲ ಆದ ಮೇಲೆ ನಾವು ಮೊದಲ ಸಲ ಈ ಪರೀಕ್ಷೆ ಮಾಡಿದಾಗ ಉತ್ತರ ಬಂದದ್ದು ಮಂಗಳವಾರ ಮಧ್ಯಾಹ್ನ. ಎರಡನೇ ಸಲ, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ.